ಚಳಿ ದೇಶದ ಹಸಿರು ಬಾಗಿಲು

ನಮ್ಮವರ ಕೆಲಸ ಹೊಸದನ್ನು ಹಳೆಯದು ಮಾಡುವುದು. ಲೋಕವೆಲ್ಲ ಹಳೆಯದಕ್ಕೆ ಬಣ್ಣ ಬಳಿದು ಹೊಸದು ಮಾಡಿದರೆ, ಇವರು ನಿನ್ನೆ ಕಟ್ಟಿದ ಗೋಡೆಗೆ ಮುನ್ನೂರು ವರ್ಷ ವಯಸ್ಸು ಹಚ್ಚಿ ಬರುತ್ತಿದ್ದರು. ಮಸಿ, ತುಕ್ಕಿನ ಪುಡಿ, ಟೀ ಸೊಪ್ಪಿನ ನೀರು, ಸವೆದ ಬ್ರಷ್ಷು. ಇಷ್ಟೇ ಸಾಮಾನು. ನೀರು ಕುದಿಸಿ ಕೊಡುತ್ತಿದ್ದವಳು ಹೆಂಡತಿಯಾದ ನಾನು. "ಇವತ್ತು ಕುಡಿಯೋದಕ್ಕೋ, ಗೋಡೆಗೋ?" ಅಂತ ಕೇಳಿಯೇ ಒಲೆ ಹಚ್ಚಬೇಕಿತ್ತು.

ಮೊದಲು ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದರು. ಕೈ ನಿಧಾನ ಅಂತ ಯಾರೂ ಎರಡನೆಯ ಸಲ ಕರೆಯುತ್ತಿರಲಿಲ್ಲ. ಪಾರ್ಕಿನವರಿಗೆ ಆ ನಿಧಾನವೇ ಬೇಕಾಗಿತ್ತು.

ಊರ ಹೊರಗಿನ ದೊಡ್ಡ ಪಾರ್ಕು ಅದು. ಅಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಬೀದಿ ಕಟ್ಟಿದ್ದಾರೆ. ಟಿಕೆಟ್ ಕೊಂಡರೆ ಊಟದ ಹೊತ್ತಿಗೆಲ್ಲ ಪ್ರಪಂಚ ಸುತ್ತಿ ಮುಗಿಯುತ್ತದೆ. ಬೋರ್ಡಿನ ಮೇಲೆ ಅವಕ್ಕೆ ದೊಡ್ಡ ದೊಡ್ಡ ಹೆಸರು. ಕೆಲಸದವರಾದ ನಮಗೆ ಅವು ಚಳಿ ದೇಶ, ಮರಳು ದೇಶ, ಗಾಳಿಗಿರಣಿ ದೇಶ. ಚಳಿ ದೇಶದಲ್ಲಿ ತಲೆ ಸಿಡಿಯುವ ಬಿಸಿಲು. ಉಣ್ಣೆ ಕೋಟು ಹಾಕಿಕೊಂಡು ಕುಣಿಯುವ ಹುಡುಗಿಯರು ಬೆವರಿನಲ್ಲಿ ನೆಂದುಹೋಗುತ್ತಾರೆ. ನನಗೆ ಗೊತ್ತು, ಆ ಬಟ್ಟೆ ಒಗೆಯುವವಳು ನಾನೇ. ಬೆಳಿಗ್ಗೆ ಚಳಿ ದೇಶದವಳಾಗಿದ್ದ ಹುಡುಗಿ ಮಧ್ಯಾಹ್ನ ಮರಳು ದೇಶದವಳು. ಬಟ್ಟೆ ಬೇರೆ, ಬೆವರು ಒಂದೇ.

ಕಚೇರಿಯವರು ನಮ್ಮವರಿಗೆ ಫೋಟೋ ಕೊಡುತ್ತಿದ್ದರು, ಹೀಗೇ ಮಾಡು ಅಂತ. ಇವರು ನೋಡಿ ಕೇಳುತ್ತಿದ್ದರು, "ಈ ಮನೇಲಿ ಯಾರಿದಾರೆ ಸಾರ್?"

"ಯಾರೂ ಇಲ್ಲಪ್ಪ. ಹಿಂದುಗಡೆ ಬರೀ ಕಬ್ಬಿಣದ ಕಂಬ."

"ಹಾಗಾದ್ರೆ ಕೊಳೆ ಎಲ್ಲಿ ಹಾಕ್ಲಿ?"

ಅವರಿಗೆ ಅದು ತಮಾಷೆಯಲ್ಲ. ಕೊಳೆ ತಾನಾಗಿ ಬರಲ್ಲ, ಯಾರಾದರೂ ಮಾಡಬೇಕು ಅನ್ನುತ್ತಿದ್ದರು. ಆ ದೇಶಗಳನ್ನು ಅವರು ಕಂಡವರಲ್ಲ. ಬಸ್ಸು ಹತ್ತಿದರೆ ವಾಂತಿ ಮಾಡುವ ಮನುಷ್ಯ, ಎಲ್ಲಿಗೆ ಹೋದಾರು!

ಚಳಿ ದೇಶದ ಬೀದಿಯಲ್ಲಿ ಬಾಗಿಲೆಲ್ಲ ಗೋಡೆಗೆ ಅಂಟಿಸಿದ್ದು. ತೆರೆಯುವುದು ಒಂದೇ, ಕೊನೆಯ ಹಸಿರು ಬಾಗಿಲು. ಅದರ ಹಿಂದೆ ಬಟ್ಟೆ ಒಗೆಯುವ ಕೋಣೆ. ಗಂಟನ್ನು ಬಲಸೊಂಟಕ್ಕೆ ಒತ್ತಿಕೊಂಡು ಎಡಗೈಯಲ್ಲಿ ಬಾಗಿಲು ತಳ್ಳುತ್ತೇನೆ. ನಾನು ಎಡಗೈಯವಳು. ಮದುವೆಯಾದ ಹೊಸದರಲ್ಲೇ ನಮ್ಮವರು ಎಡಚಿ ಅಂತ ಹೆಸರಿಟ್ಟರು. ನಾಲ್ಕು ಜನರ ಮುಂದೆಯೂ ಅದೇ. "ಲೇ ಎಡಚಿ, ಟೀ ಆಯ್ತೇನೇ?" ಈಗ ಹಾಗೆ ಕರೆಯುವವರಿಲ್ಲ.

ಆ ಬಾಗಿಲ ಮೇಲೆ ಒಂದು ಕಪ್ಪು ಕಲೆ ಇತ್ತು. ಹಿಡಿಯಿಂದ ದೂರ, ನಟ್ಟನಡುವೆ, ನನ್ನ ಎದೆಯ ಎತ್ತರಕ್ಕೆ, ಅಂಗೈಯಗಲ. ನನ್ನ ಕೈಯ ಕೊಳೆ ಅಂತಲೇ ತಿಳಿದಿದ್ದೆ. ಆಗಾಗ ಒದ್ದೆ ಬಟ್ಟೆ ತಂದು ಒರೆಸುತ್ತಿದ್ದೆ. ನಮ್ಮವರು ಏಣಿ ಮೇಲೆ ನಿಂತು ನೋಡುತ್ತಿದ್ದರು. "ಚೆನ್ನಾಗಿ ಒರೆಸು" ಅನ್ನುತ್ತಿದ್ದರು.

ಅವರು ಹೋಗಿದ್ದು ಬೇಸಿಗೆಯಲ್ಲಿ. ಬೆಳಿಗ್ಗೆ ಎದೆ ಉರಿ ಅಂದರು. ಸೋಡಾ ತರಲು ಅಂಗಡಿಗೆ ಹೋದೆ. ಬಂದಾಗ ಮಾತಿರಲಿಲ್ಲ. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಬಟ್ಟೆ ಒಗೆಯಲು ಬರುತ್ತದೆ. ಕೆಲಸಕ್ಕೆ ಹೋದೆ.

ಹೊಸ ಮ್ಯಾನೇಜರ್ ಬಂದಿದ್ದ. ವಯಸ್ಸಿನಲ್ಲಿ ಸಣ್ಣವನು. ನಿಜವಾದ ಚಳಿ ದೇಶಕ್ಕೆ ಹೋಗಿ ಬಂದವನು. ಹಸಿರು ಬಾಗಿಲ ಮುಂದೆ ನಿಂತು ಹೇಳಿದ, "ಅಮ್ಮಾ, ಅಲ್ಲಿ ಬಾಗಿಲುಗಳು ಕನ್ನಡಿ ಥರ ಇರ್ತವೆ. ಇದು ಕೊಳಕು. ಬಣ್ಣ ಹೊಡೆಸಿ, ಮೊಳೆ ಹೊಡೆದು ಮುಚ್ಚಿಬಿಡ್ತೀನಿ. ಗಂಟು ಹೊತ್ಕೊಂಡು ನೀವು ಅಡ್ಡ ಬಂದ್ರೆ ಜನರ ಫೋಟೋ ಕೆಡುತ್ತೆ. ಹಿಂದಿನ ಗೇಟಿಂದ ಬನ್ನಿ."

"ಅಷ್ಟು ಸುತ್ತಿ ಬರೋ ಹೊತ್ತಿಗೆ ಒಂದು ದೇಶದ ಬಟ್ಟೆಯೇ ಒಣಗಿರುತ್ತೆ ಸಾರ್" ಅಂದೆ. ಅವನು ನಗಲಿಲ್ಲ.

ನಡೆಯುವುದು ನನಗೆ ಕಷ್ಟವಲ್ಲ. ಆ ಬಾಗಿಲು ನಮ್ಮವರ ಕೈಕೆಲಸ. ಮನೆಯಲ್ಲಿ ಅವರ ಅಂಗಿ ಇದೆ, ಚಪ್ಪಲಿ ಇದೆ. ಅವು ಸುಮ್ಮನೆ ಇವೆ. ಈ ಬಾಗಿಲು ಮಾತ್ರ ನಾನು ಮುಟ್ಟಿದರೆ ದಾರಿ ಬಿಡುತ್ತಿತ್ತು. ಅದನ್ನು ಮುಚ್ಚಲು ನಾನು ಬಿಡುವವಳಲ್ಲ.

ಕೊಳಕು ಅಂದನಲ್ಲ, ಕೊಳೆ ತೆಗೆದರೆ ಬಾಗಿಲು ಉಳಿದೀತು ಅಂತ ಮಾರನೆಯ ದಿನ ತಿಕ್ಕಲು ಕೂತೆ. ಸೋಪು ಹಾಕಿದೆ, ಸೀಮೆಎಣ್ಣೆ ಹಾಕಿದೆ. ಕಲೆ ಜಪ್ಪಯ್ಯ ಅನ್ನಲಿಲ್ಲ.

ಆಗ ಒಬ್ಬರು ಅಜ್ಜಿ ಬಂದರು. ನಿಜವಾದ ಚಳಿ ದೇಶದವರು. ಅವರ ಮಾತು ತಿಳಿಸಲು ಜೊತೆಗೊಬ್ಬ ಗೈಡ್. ಕುಣಿಯುವ ಹುಡುಗಿಯರನ್ನು ನೋಡಿ ಅಜ್ಜಿಗೆ ನಗು.

"ಏನಂತಾರೆ?" ಅಂತ ಗೈಡನ್ನು ಕೇಳಿದೆ.

"ಅವರ ಬೀದೀಲಿ ಬೆಳಗಾಗೆದ್ದು ಯಾರೂ ಕುಣಿಯಲ್ವಂತೆ. ಕುಣಿದ್ರೆ ಮೇಲಿನ ಮನೆಯವಳು ಕಿಟಕಿ ತೆಗೆದು ಬೈತಾಳಂತೆ. ಇಲ್ಲಿ ಬೈಯೋರೇ ಇಲ್ಲ, ಇದೆಂಥ ಬೀದಿ ಅಂತಾರೆ."

"ಬೇಕಾದ್ರೆ ನಾನು ಬೈತೀನಿ ಅನ್ನಿ."

ಗೈಡ್ ಹೇಳಿದ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಗ್ಗಿ ಕಲೆ ನೋಡಿದರು.

"ಅವರೂ ಬಾಗಿಲು ತಿಕ್ತಾನೇ ಇರ್ತಾರಂತೆ, ಮತ್ತೆ ಕೊಳೆಯಾಗುತ್ತಂತೆ. ಆದರೆ ಹಿಡಿ ಹತ್ರ. ಇಲ್ಲಿ ನಡುವೆ ಯಾಕಿದೆ, ಈ ಮನೆಯವಳು ಎಡಗೈಯವಳಾ ಅಂತಾರೆ."

ನಾನು ಸೋಪು ಮೆತ್ತಿದ ಎಡಗೈ ಎತ್ತಿ ತೋರಿಸಿದೆ. ಅಜ್ಜಿ ಹುಡುಗಿಯರನ್ನು ಬಿಟ್ಟು ನನ್ನ ಫೋಟೋ ತೆಗೆದುಕೊಂಡರು. ಕಾಲು ನೋವೇನೋ, ಪಕ್ಕದ ಮೆಟ್ಟಿಲ ಮೇಲೆ ಕೂತರು.

ಅಷ್ಟರಲ್ಲಿ ಸುಣ್ಣದಣ್ಣ ಬಣ್ಣದ ಡಬ್ಬ ಹಿಡಿದು ಬಂದ. ನಮ್ಮವರ ಜೊತೆ ಕೆಲಸ ಮಾಡಿದವನು. ಮ್ಯಾನೇಜರ್ ಕಳಿಸಿದ್ದ.

"ಅತ್ತಿಗೆ, ಏನ್ ಮಾಡ್ತಿದೀರಿ? ಅದು ಹೋಗಲ್ಲ. ಅದು ಬಣ್ಣ."

"ಎಂಥ ಬಣ್ಣ? ನನ್ನ ಕೈ ಕೊಳೆ."

"ನೀವಿನ್ನೂ ಕೆಲಸಕ್ಕೇ ಸೇರಿರಲಿಲ್ಲ ಅತ್ತಿಗೆ. ಬಾಗಿಲು ನಿಲ್ಲಿಸಿದಾಗಲೇ ಅಣ್ಣ ಹಾಕಿದ್ದು. ಹಿಡಿ ಹತ್ರ ಅಲ್ವಾ ಇರ್ಬೇಕು ಅಂತ ನಾನೇ ಕೇಳ್ದೆ. 'ನಮ್ಮನೇಲಿ ಇಲ್ಲೇ ಕಣೋ ಇರೋದು' ಅಂದ್ರು."

ನಮ್ಮ ಮನೆ ಬಾಗಿಲು ಕಣ್ಣ ಮುಂದೆ ಬಂತು. ಬಲಗೈಯಲ್ಲಿ ನೀರಿನ ಬಕೆಟ್ಟು, ಎಡಗೈ ಬಾಗಿಲಿಗೆ. ಅಲ್ಲೂ ಅದೇ ಕಲೆ, ಅದೇ ಎತ್ತರ. ಯಾರೂ ಇಲ್ಲದ ಮನೆಗೆ ನನ್ನನ್ನು ತಂದು ಕೂರಿಸಿದ್ದರು.

"ಎಷ್ಟು ವರ್ಷ ಒರೆಸಿದೀನಿ ಇದನ್ನ! ಒಂದು ಮಾತು ಹೇಳಲಿಲ್ಲ ನೋಡು, ಕಳ್ಳ!" ಅಂದೆ.

ಸುಣ್ಣದಣ್ಣ ನಕ್ಕು ಮುಖ ಆಚೆ ತಿರುಗಿಸಿದ. ನಾನು ಸೋಪಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಇನ್ನಷ್ಟು ಉರಿಯಿತು.

ಮ್ಯಾನೇಜರ್ ಬಂದ. "ಇನ್ನೂ ಶುರು ಮಾಡಿಲ್ವಾ?"

ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಬಣ್ಣ ಹೊಡೀಲಿ ಸಾರ್. ಕನ್ನಡಿ ಥರಾನೇ ಹೊಡೀಲಿ. ಮೊಳೆ ಮಾತ್ರ ಬೇಡ."

"ಹೇಳಿದ್ನಲ್ಲಮ್ಮ, ಫೋಟೋ..."

"ಫೋಟೋದಲ್ಲಿ ಬಂದ್ರೆ ಬರ್ತೀನಿ. ಅಲ್ಲಿ ಕೂತಿದಾರಲ್ಲ ಆ ಅಜ್ಜಿ, ಆ ದೇಶದವರು. ನನ್ನ ಫೋಟೋನೇ ತಗೊಂಡ್ರು, ಬೇಕಾದ್ರೆ ಕೇಳಿ. ಅಲ್ಲಿ ಬಾಗಿಲು ಹೊಳೀತವೆ ಅಂದ್ರಿ. ಅವನ್ನ ತಿಕ್ಕೋಳು ಒಳಗಿಂದ ತಾನೇ ಬರ್ತಾಳೆ? ಇಡೀ ಬೀದೀಲಿ ಒಳಗಿಂದ ಬರೋಳು ನಾನೊಬ್ಬಳೇ."

ಅವನು ಅಜ್ಜಿಯ ಕಡೆ ನೋಡಿದ. ಅಜ್ಜಿ ಕೈ ಬೀಸಿದರು. "ಸರಿ, ನೋಡೋಣ" ಅಂದ.

"ನೋಡೋಣ ಅಲ್ಲ ಸಾರ್. ಹೂಂ ಅನ್ನಿ, ಒಳಗೆ ಒಗೆಯೋ ಮೆಷಿನ್ ಕಾಯ್ತಿದೆ."

ಹೂಂ ಅಂದ. ಕೆಟ್ಟವನಲ್ಲ.

ಅವನು ಹೋದ ಮೇಲೆ ಸುಣ್ಣದಣ್ಣ ಮೆಲ್ಲಗೆ ಕೇಳಿದ, "ಕಲೆ ಒಂದನ್ನ ಬಿಟ್ಟು ಹೊಡೀಲಾ ಅತ್ತಿಗೆ?"

"ಬೇಡ, ಹೊಡಿ. ಅವರದು ಅವರು ಮಾಡಿ ಹೋದ್ರು."

ಬಣ್ಣ ಒಣಗಿದ ದಿನದಿಂದ ಹೋಗುತ್ತಿದ್ದೇನೆ, ಬರುತ್ತಿದ್ದೇನೆ. ಸೋಪಿನ ಕೈ, ಕೊಳೆ ಬೇಗ ಹತ್ತುವುದಿಲ್ಲ. ಆದರೂ ಹಸಿರಿನ ನಡುವೆ ಈಗೀಗ ಮಬ್ಬು ಕಾಣುತ್ತಿದೆ. ಮೊನ್ನೆ ಮ್ಯಾನೇಜರ್ ಬಂದು ಬಗ್ಗಿ ನೋಡಿದ.

"ಅಮ್ಮಾ, ಇದೇನು ಮತ್ತೆ ಕಲೆ?"

"ಈ ಸಲದ್ದು ನಂದೇ ಸಾರ್. ತಿಕ್ಕಿದ್ರೆ ಹೋಗುತ್ತೆ" ಅಂದೆ.

ತಿಕ್ಕಿಲ್ಲ.