ನಡುಗಡ್ಡೆಯಲ್ಲಿ ತೋಡಿದ ಹಗೇವು

ನಾವು ಬಂದ ಮರುದಿನ ಬೆಳಗ್ಗೆ ಸಮುದ್ರ ಇರಲಿಲ್ಲ. ಹಿಂದಿನ ಸಂಜೆ ಬಂಗಲೆಯ ಕಟ್ಟೆಗೆ ಬಡಿಯುತ್ತಿದ್ದ ನೀರು ಎಲ್ಲಿ ಹೋಯಿತೋ, ಕಣ್ಣು ಹಾಯುವಷ್ಟು ದೂರ ಬರೀ ಕೆಸರು. ದೋಣಿಗಳು ಮಗ್ಗುಲಾಗಿ ಬಿದ್ದಿದ್ದವು.

"ಯಾರೋ ನಮಗ ಮೋಸ ಮಾಡ್ಯಾರ್ರಿ," ಎಂದಳು ಹೆಂಡತಿ ಗುರಮ್ಮ. ನನಗೂ ಹಾಗೇ ಅನಿಸಿತು. ಮಧ್ಯಾಹ್ನದ ಹೊತ್ತಿಗೆ ನೀರು ಏನೂ ಆಗಿಲ್ಲವೆಂಬಂತೆ ಮರಳಿ ಬಂತು. ಏರುವುದಕ್ಕೆ ಇಲ್ಲಿ ಭರತಿ ಎನ್ನುತ್ತಾರೆ, ಇಳಿಯುವುದಕ್ಕೆ ಓಹೋಟಿ. ಹೆಸರಿಟ್ಟ ಮಾತ್ರಕ್ಕೆ ನಾನೇನೂ ನಂಬಲಿಲ್ಲ.

ಮುಂಬಯಿಯ ಎದುರಿಗಿರುವ ಈ ನಡುಗಡ್ಡೆಯ ಹಳ್ಳಿಗೆ ಶ್ರೀಮಂತರು ರಜೆ ಕಳೆಯಲು ಬರುತ್ತಾರೆ. ಭಾಲ್ಕಿಯ ಪೇಟೆಯಲ್ಲಿ ತೊಗರಿ ಕೊಳ್ಳುತ್ತಿದ್ದ ಸೇಠರೊಬ್ಬರು ತಮ್ಮ ಬಂಗಲೆ ಕಾಯಲು ನನ್ನನ್ನು ಕರೆತಂದರು. ಇಲ್ಲಿಯವರನ್ನು ಅವರು ನಂಬುತ್ತಿರಲಿಲ್ಲ. ನನಗೆ ಹಿಡಿಸಿದ ಗುಣ ಅದೊಂದೇ. ಬಂದ ಅತಿಥಿಗಳು ದಿನವಿಡೀ ಮರಳಿನ ಮೇಲೆ ಸುಮ್ಮನೆ ಕೂರುತ್ತಾರೆ. ಕೇಳಿದರೆ, ಹವಾ ತಿನ್ನಲು ಬಂದಿದ್ದೇವೆ ಎನ್ನುತ್ತಾರೆ. ನಮ್ಮ ಹಲಬರ್ಗಾದಲ್ಲಿ ಯಾರಾದರೂ ಹೀಗೆ ಬಂದು ಕೂತಿದ್ದರೆ ಪೊಲೀಸ್ ಪಾಟೀಲರು ಮೊದಲು ಅವರ ಗಂಟು ಬಿಚ್ಚಿಸಿ ನೋಡುತ್ತಿದ್ದರು.

ನಮ್ಮ ಕೋಣೆ ಬಂಗಲೆಯ ಹಿಂದೆ. ಬೇಲಿಯಾಚೆ ಹಿರಾಬಾಯಿ ಎಂಬ ಮೀನುಗಾರ ಹೆಂಗಸು ಮೀನು ಒಣಗಿಸುತ್ತಿದ್ದಳು. ಲಿಂಗಪೂಜೆಗೆ ಕೂತರೂ ಮೂಗಿಗೆ ಅದೇ ವಾಸನೆ. ಅವಳ ಮರಾಠಿ ನಮ್ಮ ಔರಾದ ಕಡೆಯ ಮರಾಠಿಯಲ್ಲ. ಅರ್ಧ ತಿಳಿಯುತ್ತಿತ್ತು, ಉಳಿದರ್ಧದಲ್ಲಿ ನಮ್ಮನ್ನೇ ಆಡಿಕೊಳ್ಳುತ್ತಾಳೆಂದು ನನ್ನ ಗುಮಾನಿ. ಗುರಮ್ಮನಿಗೆ ಕನ್ನಡ ಮಾತಾಡಲು ನನ್ನ ಹೊರತು ಯಾರೂ ಇರಲಿಲ್ಲ.

ಮಳೆ ಹಿಡಿದರೆ ಶ್ರಾವಣದ ನೂಲ ಹುಣ್ಣಿಮೆಯ ತನಕ ದೋಣಿ ಬಂದ್. ಗುರಮ್ಮ ಬಸುರಿ ಬೇರೆ. ಅಷ್ಟು ದಿನದ ಊಟವೆಂದರೆ ಊರಿನಿಂದ ತಂದ ಜೋಳದ ಚೀಲಗಳೇ. ಕೋಣೆಯಲ್ಲಿಟ್ಟರೆ ಕಳುವಾದೀತೆಂದು ನಮ್ಮ ಪದ್ಧತಿಯಂತೆ ಹಗೇವು ತೋಡಿದೆ. ನೆಲದೊಳಗೆ ಗುಂಡಿ ತೆಗೆದು, ಸುತ್ತ ಹುಲ್ಲು ಹಾಸಿ, ಕಾಳು ತುಂಬಿ ಬಾಯಿ ಮುಚ್ಚಿದರೆ ನಮ್ಮಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಎಲ್ಲರೂ ಮಲಗಿದ ಮಧ್ಯಾಹ್ನ ನೋಡಿಯೇ ಅಗೆಯುತ್ತಿದ್ದೆ. ಆದರೂ ಹಿರಾಬಾಯಿ ಬೇಲಿಯ ಮೇಲಿಂದ ಇಣುಕಿ ತನ್ನ ಮರಾಠಿಯಲ್ಲಿ ಅಂದಳು:

"ಭಾವೂ, ಅಲ್ಲಿ ಏನೂ ಹುಗೀಬ್ಯಾಡ. ಅಮಾಸಿ ಭರತಿಗೆ ಕೆಳಗಿಂದ ನೀರು ಏಳ್ತದ."

ಹುಗಿಯುವುದು ಇವಳಿಗೆ ಹೇಗೆ ಗೊತ್ತಾಯಿತು? ಅದೂ ಕೆಳಗಿಂದ ನೀರಂತೆ! ನಮ್ಮಲ್ಲಿ ಬಂಡೆ ಒಡೆದು ಒಡೆದು ರಟ್ಟೆ ಬಿದ್ದರೂ ಬಾವಿಗೆ ನೀರು ಬರುವುದಿಲ್ಲ. ಅವಳು ಒಳಗೆ ಹೋಗುವ ತನಕ ಕಾದು, ಅಲ್ಲೇ ಹುಗಿದೆ.

ಮಳೆ ಹಿಡಿಯಿತು, ದೋಣಿ ನಿಂತಿತು. ಅಮಾವಾಸ್ಯೆ ಕಳೆದ ಮೇಲೆ ಹಗೇವಿನ ಬಾಯಿ ತೆರೆದೆ. ಒಳಗೆ ವಿಷಗಾಳಿ ಇದೆಯೋ ಎಂದು ಮೊದಲು ದೀಪ ಇಳಿಬಿಡುವುದು ನಮ್ಮ ರೂಢಿ. ಇಳಿಬಿಟ್ಟೆ. ಚುಂಯ್ ಎಂದು ಆರಿತು. ಕೈ ಹಾಕಿದರೆ ಉಪ್ಪುನೀರು, ಉಬ್ಬಿ ಹುಳಿ ನಾರುವ ಜೋಳ.

"ಇನ್ನ ಏನ್ ತಿನ್ನೋದ್ರಿ?" ಎಂದಳು ಗುರಮ್ಮ. ನನಗೆ ನಿಜಕ್ಕೂ ಭಯವಾಯಿತು.

ಕೆಟ್ಟ ಜೋಳ ಹೊರಗೆ ಸುರಿದದ್ದನ್ನು ಬೇಲಿಯ ಮೇಲಿಂದ ಕಂಡಿದ್ದ ಹಿರಾಬಾಯಿ ಸಂಜೆಗೆ ಹೊಸ ಗಡಿಗೆಯಲ್ಲಿ ಅಕ್ಕಿ ಹಿಟ್ಟು ತಂದಳು. ಮೀನು ಮುಟ್ಟದ ಗಡಿಗೆ ಎಂದಳು. ನಾನು ಅವಳೆದುರಿಗೇ ಹಿಡಿ ಹಿಟ್ಟು ಎತ್ತಿ ಮೂಸಿದೆ.

"ಮೂಸೋದು ಮುಗೀತೋ ಇಲ್ಲೋ? ನಡಿ, ಒಲಿ ಹಚ್ಚು. ಬಸುರಿ ಹಸದಾಳ," ಎಂದು ತಾನೇ ಕೂತು ಗುರಮ್ಮನಿಗೆ ಅಕ್ಕಿಯ ಭಾಕ್ರಿ ತಟ್ಟಲು ಕಲಿಸಿದಳು. ಮಳೆಗಾಲ ಮುಗಿಯುವ ತನಕ ಗಡಿಗೆ ಬರಿದಾಗಲು ಬಿಡಲಿಲ್ಲ. ಹೆರಿಗೆಗೂ ಅವಳೇ ನಿಂತಳು.

ದೀಪಾವಳಿಗೆ ಕೂಸನ್ನೆತ್ತಿಕೊಂಡು ಊರಿಗೆ ಹೋದೆವು. ಅವ್ವ, ಅಣ್ಣ, ವೈನಿ ಎಲ್ಲ ಕೂಸಿನ ಸುತ್ತ ಕೂತರು. ಹಿರಾಬಾಯಿ ಕಟ್ಟಿಕೊಟ್ಟ ಅಕ್ಕಿಯ ಗಂಟನ್ನು ಗುರಮ್ಮ ಅತ್ತೆಯ ಮುಂದಿಟ್ಟಳು. ಅವ್ವ ಬಿಚ್ಚಿ, ಒಂದು ಹಿಡಿ ಮೂಗಿಗೆ ಹಿಡಿದು ಮುಖ ಕಿವಿಚಿದಳು.

"ಮೀನ ನಾರ್ತದಲ್ಲೋ ತಮ್ಮಾ. ಅಡಗಿ ಮನ್ಯಾಗ ಒಯ್ಯಬ್ಯಾಡ್ರಿ, ಅಂಗಳದಾಗೇ ಇಡ್ರಿ."

ಮೈಯೆಲ್ಲ ಉರಿಯಿತು. "ಏನೂ ನಾರಂಗಿಲ್ಲ ಅವ್ವ. ನಮ್ಮೂರ ಅಕ್ಕಿ ಅದು!"

ಅವ್ವ ಹಿಡಿಯಲ್ಲಿದ್ದ ಅಕ್ಕಿಯನ್ನು ಕೆಳಗಿಡದೆ ನನ್ನನ್ನೇ ನೋಡಿದಳು. "ಯಾವೂರ್ದಪ್ಪಾ?"