ಎಣ್ಣೆ ಕುಡಿಯುವ ವ್ಯಾನೂ ಎಳೆಯ ಮೊಮ್ಮಗಳೂ

ನನ್ನ ಹಳೆಯ ಹತ್ತಿ ಸೀರೆಯ ತುಂಡೊಂದು ನಮ್ಮ ವ್ಯಾನಿನ ಸೀಟಿನಡಿ ಸದಾ ಇರುತ್ತದೆ. ಬೆಳಿಗ್ಗೆ ಎದ್ದು ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನೆಳೆದು, ಅದರಲ್ಲಿ ಒರೆಸಿ, ಮತ್ತೆ ಅದ್ದಿ ನೋಡುವುದು ನನಗೆ ಬಾಗಿಲಿಗೆ ರಂಗೋಲಿ ಬಿಡುವಷ್ಟೇ ರೂಢಿ. ಯಶವಂತಪುರದ ಮಂಡಿಯಿಂದ ಶೆಟ್ಟಿಹಳ್ಳಿಯ ನಮ್ಮ ಅಂಗಡಿಗೆ ಈರುಳ್ಳಿ, ಆಲೂಗಡ್ಡೆ ಹೊತ್ತು ಹೊತ್ತೇ ಮುದಿಯಾದ ವ್ಯಾನು ಅದು. ಕಡ್ಡಿಯಲ್ಲಿ ಎಣ್ಣೆ ಯಾವಾಗಲೂ ಕೆಳಗೇ ಕಾಣುತ್ತಿತ್ತು, ನಾನು ಆಗಾಗ ಸುರಿಯುತ್ತಲೇ ಇದ್ದೆ. ವಯಸ್ಸಾದ ಮೇಲೆ ಬಾಯಾರಿಕೆ ಜಾಸ್ತಿ, ಪಾಪ; ನಾನು ಎರಡನೇ ಲೋಟ ಕಾಫಿ ಕೇಳಿದಾಗಲೂ ಯಾರಾದರೂ ಇಷ್ಟೇ ಧಾರಾಳವಾಗಿ ಸುರಿದರೆ ಎಷ್ಟು ಚೆನ್ನ!

ಅಂಥ ವ್ಯಾನಿನಲ್ಲೇ ಮೊಮ್ಮಗಳನ್ನು ಆಸ್ಪತ್ರೆಯಿಂದ ಮನೆಗೆ ತರಬೇಕೆಂದು ನನಗೆ ಆಸೆ. ಮೊಮ್ಮಗಳು! ಬರೆಯುವಾಗಲೇ ಪೆನ್ನು ಕುಣಿಯುತ್ತದೆ, ನೋಡಿ. ಆದರೆ ಮಗ ಒಪ್ಪಲಿಲ್ಲ.

"ಅಮ್ಮ, ವ್ಯಾನ್ ಹಿಂದೆ ನೀಲಿ ಹೊಗೆ ನೋಡಿದ್ಯಾ? ಸೊಳ್ಳೆಗೆ ಹೊಗೆ ಬಿಡೋ ಗಾಡಿ ಬಂತು ಅಂತ ಜನ ಕಿಟಕಿ ಹಾಕ್ಕೋತಾರೆ. ಎಳೇ ಮಗು ಕಣಮ್ಮ. ಕ್ಯಾಬ್ ಬುಕ್ ಮಾಡ್ತೀನಿ, ಬಿಡು."

ಅವನ ಮಾತು ನ್ಯಾಯವೇ. ಆಸೆಯನ್ನು ನುಂಗಿಕೊಂಡೆ.

ಮರುದಿನ ನಾನು ಎಣ್ಣೆ ನೋಡುವಾಗ, ಬಾಣಂತನಕ್ಕೆಂದು ಗದಗದ ಕಡೆಯಿಂದ ಬಂದಿದ್ದ ಸೊಸೆಯ ತಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಊರಲ್ಲಿ ಟ್ರ್ಯಾಕ್ಟರ್ ಹೊಡೆಯುವ ಹೆಂಗಸು.

"ಏನ್ರೀ ಬೀಗತಿ, ಏರಿನ್ಯಾಗ ಗಾಡಿ ನಿಲ್ಲಿಸಿ ಎಣ್ಣಿ ಅಳೀತೀರೇನು? ಮೂತಿ ಮ್ಯಾಲ ಐತಿ, ಎಣ್ಣಿ ಹಿಂದಕ್ಕ ಸರದೈತಿ. ಸಪಾಟ್ ಜಾಗಾದಾಗ ನೋಡ್ರಿ."

ನಮ್ಮ ರಸ್ತೆ ಏರು. ಗುಡಿಯ ಮುಂದಿನ ಸಮನೆಲಕ್ಕೆ ವ್ಯಾನು ಒಯ್ದು, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ಎಳೆದರೆ, ಎಣ್ಣೆ ಮೇಲಿನ ಗೆರೆಯನ್ನೂ ದಾಟಿತ್ತು!

"ಅಯ್ಯ, ಇದು ಕುಡ್ಯಾಕತ್ತಿಲ್ರೀ, ನೀವ ಕುಡಿಸಾಕತ್ತೀರಿ!"

ನಕ್ಕೂ ನಕ್ಕೂ ಇಬ್ಬರೂ ಸುಸ್ತಾದೆವು. ಹೆಚ್ಚಾದ ಎಣ್ಣೆ ಉರಿದೇ ಅಷ್ಟು ಹೊಗೆಯಂತೆ; ಗ್ಯಾರೇಜಿನಲ್ಲಿ ಅದನ್ನು ಇಳಿಸಿದರು. ಎಂಜಿನ್ನಿನ ಒಳಗೆ ಎಣ್ಣೆ ತಡೆಯುವ ಉಂಗುರಗಳೂ ಸವೆದಿವೆಯಂತೆ, ವಯಸ್ಸಿಗೆ ತಕ್ಕಷ್ಟು ಎಣ್ಣೆ ಈಗಲೂ ಉರಿಯುತ್ತದೆ; ಅಷ್ಟು ಮರ್ಯಾದೆ ಮುದುಕರಿಗೆ ಬೇಡವೇ? ಆದರೆ ಆ ದಟ್ಟ ಹೊಗೆ ಹೋಯಿತು. ನಾನು ನಿಂತ ನೆಲವೇ ಓರೆಯಾಗಿದ್ದಾಗ, ಎದುರಿಗಿದ್ದದ್ದೆಲ್ಲ ಕೊರತೆಯಾಗಿ ಕಂಡಿತ್ತು. ಪ್ರೀತಿಯೂ ಹಾಗೆಯೇ ಇರಬೇಕು: ಸಾಲದೆಂದು ಸುರಿಯುತ್ತಲೇ ಹೋದರೆ ಹೊಗೆ ಕುಡಿಯುವವರು ಮಕ್ಕಳು.

ಮಗ ಹೊಗೆ ಕೊಳವೆಯ ಹಿಂದೆ ಬಿಳಿಯ ಕರ್ಚೀಫು ಹಿಡಿದು, ಮೂಸಿ, ಮತ್ತೆ ಮೂಸಿ, "ಸರಿ, ಮೆಲ್ಲಗೆ ಓಡಿಸ್ಬೇಕು" ಎಂದ.

ಆಸ್ಪತ್ರೆಯಿಂದ ಮನೆಯವರೆಗೂ ಮೆಲ್ಲಗೇ ಓಡಿಸಿದೆ. ಸೊಸೆಯ ಮಡಿಲಲ್ಲಿ ಮಗು ವ್ಯಾನಿನ ಗಡಗಡಕ್ಕೆ ನಿದ್ದೆ ಹೋಯಿತು. ಮನೆಬಾಗಿಲಲ್ಲಿ ಬೀಗತಿ ಆರತಿ ಹಿಡಿದು ನಿಂತಿದ್ದರು. ಎಂಜಿನ್ ಆಫ್ ಮಾಡಿದೆನೋ ಇಲ್ಲವೋ, ಮಗು ಕಿಟಾರೆಂದು ಕಿರುಚಿಕೊಂಡಿತು. ಮತ್ತೆ ಕೀ ತಿರುಗಿಸಿದೆ, ಗಪ್‌ಚುಪ್.

"ಅಮ್ಮ," ಮಗನೇ ಪಿಸುಗುಟ್ಟಿದ, "ಇನ್ನೊಂದ್ ರೌಂಡ್ ಹೋಗೋಣ."

"ಹೋಗಿ ಬರ್ರಿ, ಆರತಿ ಎಲ್ಲಿ ಓಡಿ ಹೊಕ್ಕೈತಿ!" ಎಂದರು ಬೀಗತಿ.

ನಾಗಸಂದ್ರದವರೆಗೂ ಹೋದೆವು. ಮೊಮ್ಮಗಳು ಕಣ್ಣು ಬಿಡಲಿಲ್ಲ. ವಾಪಸಾಗುವ ಅವಸರ ನನಗೂ ಇರಲಿಲ್ಲ.