ಸೂಜಿಯ ಸದ್ದು ಬಲ್ಲ ಅಜ್ಜಿ

ಬಳಸಿದ ಸೂಜಿಯೊಂದನ್ನು ಯಾರೋ ಮಾಮೂಲಿ ಕಸದ ಚೀಲಕ್ಕೆ ಎಸೆದರು. ಚೀಲ ಎತ್ತಿದ ಹೆಂಗಸಿನ ಹೆಬ್ಬೆರಳಿಗೆ ಅದು ಚುಚ್ಚಿತು. ಆ ಆಸ್ಪತ್ರೆಯಲ್ಲಿ ಡಾಕ್ಟರುಗಳಿಗೂ ನರ್ಸುಗಳಿಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದರು. ಕಸ ಎತ್ತುವವರಿಗೆ ಹಾಕಿಸಿರಲಿಲ್ಲ. ಹೆಂಗಸಿಗೆ ರೋಗ ಅಂಟಿತು.

ಆ ಹೆಂಗಸು ಈಗ ಹೆರಿಗೆ ವಾರ್ಡಿನ ಹಿಂಬಾಗಿಲಲ್ಲಿ ಮಂಡಿಯೂರಿ ಕೂತಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೇಲಿನ ಟ್ಯೂಬ್‌ಲೈಟು ಉರಿಯಲೋ ಬೇಡವೋ ಎಂದು ಮಿಣುಕುತ್ತಿದೆ. ಗೋಡೆಗೆ ಒರಗಿಸಿದ ಚೀಲಗಳು ಒಂದರ ಪಕ್ಕ ಒಂದು ಹೊಟ್ಟೆ ಉಬ್ಬಿಸಿಕೊಂಡು ಕೂತಿವೆ. ಅವರ ಕೈಯಲ್ಲಿ ಮುರಿದ ಪೊರಕೆಯ ಹಿಡಿ. ಅದರ ತುದಿಯಿಂದ ಚೀಲದ ಪಕ್ಕೆಗೆ ಮೆಲ್ಲಗೆ ತಟ್ಟುತ್ತಾರೆ, ಆಮೇಲೆ ಕಿವಿಯನ್ನು ಹತ್ತಿರ ತರುತ್ತಾರೆ. ಬಸುರಿಯ ಹೊಟ್ಟೆಗೆ ಕಿವಿ ಕೊಟ್ಟ ಹಾಗೆ.

"ಯಾರಪ್ಪಾ ಒಳಗೆ?"

ಚೀಲ ಸುಮ್ಮನಿದೆ. ಕುತ್ತಿಗೆ ಹಿಡಿದು, ಮೈಗೆ ತಾಗದಂತೆ ದೂರ ಚಾಚಿ, ತಳ್ಳುಗಾಡಿಗೆ ಇಳಿಸುತ್ತಾರೆ. ಮುಂದಿನದಕ್ಕೆ ಹೊರಳುತ್ತಾರೆ.

"ಹತ್ತಿ ಮೂಕ. ಬಟ್ಟೆ ಮೂಕ. ಸೂಜಿ ಮಾತ್ರ ಬಾಯಿಬಡುಕ," ಎನ್ನುತ್ತಾರೆ. "ಪಕ್ಕದಲ್ಲಿ ಒಂದು ಸೀಸೆ ಇದ್ರೆ ಸಾಕು, ತಟ್ಟಿದ ತಕ್ಷಣ ಚಾಡಿ ಹೇಳಿಬಿಡುತ್ತೆ. ಹಂಗಂತ ಸದ್ದಿಲ್ಲ ಅಂದ್ರೆ ಸೂಜಿ ಇಲ್ಲ ಅಂತ ನಂಬೋ ಹಂಗಿಲ್ಲ. ಅದಕ್ಕೇ ಯಾವ ಚೀಲಾನೂ ತಬ್ಕೊಳ್ಳಲ್ಲ ನಾನು. ದೂರದ ನೆಂಟರ ಹಂಗೆ ಹಿಡ್ಕೊಳ್ತೀನಿ."

ಈ ಅಭ್ಯಾಸದಿಂದಲೇ ಅವರಿಗೆ 'ಕಿವಿಯಕ್ಕ' ಎಂಬ ಹೆಸರು ಬಿದ್ದಿದೆ. ಮೊದಮೊದಲು ಅದು ಗೇಲಿ. "ಏನಂತೆ ಕಿವಿಯಕ್ಕ, ಚೀಲ ಏನು ಹೇಳ್ತು?" ಎಂದು ಹಾದುಹೋಗುವವರೆಲ್ಲ ಚುಡಾಯಿಸುತ್ತಿದ್ದರು. ಈಗ ಬೆಳಗಿನ ಪಾಳಿಯವರು ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ಕಿವಿಯಕ್ಕ ಬಂದ್ರಾ?" ಅವರು ತಟ್ಟದ ಚೀಲಕ್ಕೆ ಕೈ ಹಾಕಲು ಜೊತೆಯವರು ಯಾರೂ ತಯಾರಿಲ್ಲ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ಸುಮ್ಮನಾಗುವುದು ನಮಗೆಲ್ಲ ಸಲೀಸು. ಎಲೆಯನ್ನು ಅಡ್ಡ ಹಿಡಿದವರು ಯಾರು ಎಂದು ಕೇಳುವುದು ಕಷ್ಟ. ಈ ಆಸ್ಪತ್ರೆಯ ಮುಂಬಾಗಿಲಲ್ಲಿ ದಾನಿಗಳ ಹೆಸರು ಕೊರೆದ ಕಲ್ಲಿದೆ. ಒಳಗೆ ಹೋದರೆ ಹಿಂದಿನ ಮುಖ್ಯಸ್ಥರ ಫೋಟೋಗಳಿವೆ. ಬೆರಳಿಗೆ ಸೂಜಿ ಚುಚ್ಚಿಸಿಕೊಂಡವರ ಗುರುತು ಯಾವ ಗೋಡೆಯ ಮೇಲೂ ಇಲ್ಲ.

ರೋಗ ಪತ್ತೆಯಾದದ್ದು ಚುಚ್ಚಿ ಬಹಳ ಕಾಲದ ಮೇಲೆ. ಸದಾ ಸುಸ್ತು, ಊಟ ಸೇರದು. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂದು ಬಂತು. ಲಿವರ್ ಸದ್ಯಕ್ಕೆ ಚೆನ್ನಾಗಿದೆ, ಆಗಾಗ ತೋರಿಸಿಕೊಳ್ಳುತ್ತಿರಬೇಕು ಎಂದರು ಡಾಕ್ಟರು. ಅವರನ್ನು ಕೆಲಸಕ್ಕಿಟ್ಟುಕೊಂಡಿದ್ದ ಕಂಟ್ರಾಕ್ಟರ್ ಕಡೆಯವರು ಮಾತ್ರ ಕೈತೊಳೆದುಕೊಂಡರು. "ಮನೆಯಿಂದಲೇ ತಂದಿರಬೇಕು, ಆಸ್ಪತ್ರೆ ಮೇಲೆ ಯಾಕೆ ಹಾಕ್ತೀಯಾ ಅಂದ್ರು. ರೋಗ ಏನು, ಬುತ್ತಿ ಡಬ್ಬೀನಾ ಮನೆಯಿಂದ ತರೋಕೆ?" ಎಂದು ಕಿವಿಯಕ್ಕ ನಗುತ್ತಾರೆ. ನಗು ಕಣ್ಣಿನ ತನಕ ಹೋಗುವುದಿಲ್ಲ.

ಮನೆಯಲ್ಲಿ ಇರುವವರು ಮಗ, ಸೊಸೆ. ಮಗನದು ಬೀಗ ರಿಪೇರಿಯ ಗೂಡಂಗಡಿ. ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರು, ರೋಗ ಇರಲಿಲ್ಲ, ಲಸಿಕೆ ಹಾಕಿಸಿಕೊಂಡರು. ಆದರೂ ಕಿವಿಯಕ್ಕ ತಮ್ಮ ಲೋಟ ಬೇರೆ ಮಾಡಿಕೊಂಡರು, ತಟ್ಟೆ ಬೇರೆ ಮಾಡಿಕೊಂಡರು, ಹಾಸಿಗೆಯನ್ನು ಬಾಗಿಲ ಬಳಿಗೆ ಎಳೆದುಕೊಂಡರು. ಯಾರೂ ಹೇಳಿರಲಿಲ್ಲ. ಆಸ್ಪತ್ರೆ ಅವರನ್ನು ಹೇಗೆ ಕಂಡಿತ್ತೋ ಹಾಗೇ ಅವರೂ ತಮ್ಮನ್ನು ಕಾಣಲು ಕಲಿತಿದ್ದರು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಇದೇ ವಾರ್ಡಿನಲ್ಲಿ, ಸೊಸೆ ಹೆಣ್ಣುಮಗು ಹೆತ್ತಳು. ಕಿವಿಯಕ್ಕ ಹೊರಗಿನ ಓಣಿಯಲ್ಲಿ ನೆಲ ಒರೆಸುತ್ತಿದ್ದರು. ಮಗುವಿನ ಅಳು ಕೇಳಿದ್ದೇ ತಡ, ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ಒಳಗೆ ಹೋಗಲಿಲ್ಲ.

ಒಳಗೆ ಆಗಲೇ ಪಂಚಾಯಿತಿ ಶುರುವಾಗಿತ್ತು. ವಾರ್ಡಿನ ದೊಡ್ಡ ಸಿಸ್ಟರ್ ಬಂದು, ಮಗುವಿಗೆ ಇವತ್ತೇ ಹೆಪಟೈಟಿಸ್ ಲಸಿಕೆ ಹಾಕಬೇಕು, ನಾಳೆಗೆ ದಾಟಿಸಬಾರದು ಎಂದಿದ್ದರು. ಸೊಸೆಯ ತಾಯಿ, ಹೊಲಿಗೆ ಅಂಗಡಿ ನಡೆಸುವ ಬೀಗಿತ್ತಿ, ಮಂಚಕ್ಕೆ ಅಡ್ಡ ನಿಂತುಬಿಟ್ಟಿದ್ದರು. ಬಾಗಿಲಲ್ಲಿ ಇಣುಕಿದ ಕಿವಿಯಕ್ಕನನ್ನು ನೋಡಿ ಅವರ ಮಾತು ಇತ್ತ ತಿರುಗಿತು.

"ತಪ್ಪು ತಿಳ್ಕೋಬೇಡಿ ಬೀಗರೇ. ರೋಗ ಇರೋದು ನಿಮಗೆ. ನೀವು ಕೂಸನ್ನ ಮುಟ್ಟದೆ ಇದ್ರೆ ಮುಗೀತು. ಇನ್ನೂ ಕಣ್ಣು ಸರಿಯಾಗಿ ಬಿಟ್ಟಿಲ್ಲ ಅದು. ಅದರ ತೊಡೆ ನನ್ನ ಹೆಬ್ಬೆರಳಷ್ಟಿಲ್ಲ. ಅದಕ್ಯಾಕೆ ಚುಚ್ಚೋದು?"

"ನೀವು ಹೇಳೋದೇ ಸರಿ," ಎಂದರು ಕಿವಿಯಕ್ಕ. "ನಾನು ದೂರ ಇರ್ತೀನಿ. ಚುಚ್ಚೋದು ಬೇಡ."

ವಾರ್ಡಿನವರು ಅದನ್ನು ತ್ಯಾಗ ಎಂದುಕೊಂಡರು. ಅದು ತ್ಯಾಗವಾಗಿರಲಿಲ್ಲ, ಭಯವಾಗಿತ್ತು. "ನಂಗೆ ರೋಗ ಬಂದಿದ್ದೇ ಸೂಜಿಯಿಂದ. ಅದನ್ನೇ ನನ್ನ ಮೊಮ್ಮಗಳ ತೊಡೆಗೆ ಅಂದ ಕೂಡ್ಲೇ ಎದೆ ಝಲ್ ಅಂತು. ನಾನು ನೋಡಿದ ಸೂಜಿ ಎಲ್ಲಾ ಕೊಳಕೇ ಅಲ್ವಾ? ಒಳ್ಳೆ ಸೂಜಿ ಅಂತ ಒಂದಿರುತ್ತೆ ಅನ್ನೋದೇ ತಲೆಗೆ ಹೋಗ್ಲಿಲ್ಲ." ಎರಡು ಕಡೆಯ ಅಜ್ಜಿಯರೂ ಒಂದಾದರು. ಒಬ್ಬರಿಗೆ ಕಿವಿಯಕ್ಕನ ಭಯ, ಇನ್ನೊಬ್ಬರಿಗೆ ಸೂಜಿಯ ಭಯ. ನಡುವೆ ಮಗು ಬಿಳಿ ಬಟ್ಟೆಯೊಳಗೆ ಮುಷ್ಟಿ ಬಿಗಿದು ಮಲಗಿತ್ತು. ಅದರ ಮೊದಲ ದಿನ ಸರಿಯುತ್ತಿತ್ತು.

ದೊಡ್ಡ ಸಿಸ್ಟರ್ ರೇಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

"ತಾಯಿಗೆ ಈ ರೋಗ ಇಲ್ಲ, ಪರೀಕ್ಷೆ ಆಗಿದೆ. ಇದ್ದಿದ್ರೆ ಇದರ ಜೊತೆ ಇನ್ನೊಂದು ಇಂಜೆಕ್ಷನ್ನೂ ಹಾಕ್ತಿದ್ವಿ. ಮನೇಲಿ ಯಾರಿಗಾದ್ರೂ ಇರಲಿ ಬಿಡಲಿ, ಈ ಲಸಿಕೆ ಹುಟ್ಟಿದ ಎಲ್ಲಾ ಮಕ್ಕಳಿಗೂ ಹಾಕೋದೇ. ಇದೆ ಅಂತ ಗೊತ್ತಾದ ಮೇಲಂತೂ ಯೋಚನೆ ಮಾಡೋ ಮಾತೇ ಇಲ್ಲ. ದೊಡ್ಡವರಿಗೆ ಅಂಟಿದ್ರೆ ಎಷ್ಟೋ ಜನಕ್ಕೆ ತಾನಾಗೇ ವಾಸಿ ಆಗುತ್ತೆ. ಎಳೆ ಕೂಸಿಗೆ ಅಂಟಿದ್ರೆ ಜೀವನಪೂರ್ತಿ ಉಳ್ಕೊಳ್ಳೋದೇ ಹೆಚ್ಚು."

"ನಾನು ದಿನಾ ಸೂಜಿ ಚುಚ್ಕೊಳ್ತೀನಿ, ನಂಗೇನಾಗಿದೆ?" ಎಂದರು ಬೀಗಿತ್ತಿ.

"ನಿಮ್ಮ ಸೂಜಿ ಬಟ್ಟೆಗೆ ಹೋಗಿ ಬರುತ್ತಮ್ಮ. ನಮ್ಮದು ರಕ್ತಕ್ಕೆ ಹೋಗಿ ಬರುತ್ತೆ."

"ಆಯ್ತು, ಹಾಗಾದ್ರೆ ಲಸಿಕೆ ಹಾಕೋವರೆಗಾದ್ರೂ ಇವರು ಎತ್ಕೋಬಾರದು ತಾನೆ?"

"ಎತ್ಕೊಂಡ್ರೆ ಬರಲ್ಲ. ಮುತ್ತು ಕೊಟ್ರೆ ಬರಲ್ಲ. ಒಂದೇ ಲೋಟದಲ್ಲಿ ಕುಡಿದ್ರೂ ಬರಲ್ಲ. ನೀರಿಂದ ಬರೋ ಕಾಮಾಲೆ ಬೇರೆ, ಇದು ಬೇರೆ. ಇದು ಬರೋದು ರಕ್ತದಿಂದ. ಗಾಯ ಇದ್ರೆ ಮುಚ್ಕೊಳ್ಳಿ. ಉಗುರು ಕತ್ತರಿ, ಹಲ್ಲುಜ್ಜೋ ಬ್ರಷ್ಷು ಬೇರೆ ಇರಲಿ. ಅಷ್ಟೇ."

ಕಿವಿಯಕ್ಕ ತಮ್ಮ ಅಂಗೈ ನೋಡಿಕೊಂಡರು. ನೆಲ ತೊಳೆಯುವ ಬ್ಲೀಚಿಂಗ್ ನೀರಿಗೆ ಚರ್ಮ ಬಿರಿದು, ಒಂದೆರಡು ಸೀಳು ಕೆಂಪಗೆ ಬಾಯಿಬಿಟ್ಟಿದ್ದವು. ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಆಗ ಮಂಚದಿಂದ ಸೊಸೆ ಮಾತಾಡಿದಳು. ಹೆರಿಗೆಯ ಸುಸ್ತಿನಲ್ಲಿ ದನಿ ಸಣ್ಣಗಿತ್ತು, ಮಾತು ಸಣ್ಣದಿರಲಿಲ್ಲ.

"ಅತ್ತೆ, ನೀವು ದೂರ ಇರೋದೂ ಬೇಡ, ಲಸಿಕೆ ಬಿಡೋದೂ ಬೇಡ. ನಿಮಗಿದೆ ಅಂತ ಗೊತ್ತು. ನಾಳೆ ಮಗೂನ ಎತ್ಕೊಳ್ಳೋ ಬೇರೆಯವರಿಗೆ ಇದೆಯೋ ಇಲ್ವೋ ಯಾರಿಗೆ ಗೊತ್ತು? ಬಂದೋರದ್ದೆಲ್ಲ ಬಾಗಿಲಲ್ಲಿ ರಕ್ತ ತೆಗೀತಾ ಕೂರ್ಲಾ? ನಾನು ಹಾಕಿಸ್ತೀನಿ. ಅದಕ್ಕೆ ನಿಮ್ಮ ಅಪ್ಪಣೆ ಬೇಡ. ಆದ್ರೆ ಚುಚ್ಚುವಾಗ ಮಗೂನ ನೀವೇ ಹಿಡ್ಕೋಬೇಕು."

"ನಾನಾ?"

"ಮತ್ತಿನ್ಯಾರು? ನಿಮ್ಮ ಮಗ ಸೂಜಿ ಕಂಡ್ರೆ ಬೀಳ್ತಾರೆ."

ಬಾಗಿಲ ಬಳಿ ನಿಂತಿದ್ದ ಮಗ ಇಲ್ಲವೆನ್ನಲಿಲ್ಲ.

ಕಿವಿಯಕ್ಕ ಒಳಗೆ ಬಂದು ಮಂಚದ ಬಳಿ ನಿಂತರು. ಆಮೇಲೆ ದೊಡ್ಡ ಸಿಸ್ಟರನ್ನು ಒಂದೇ ಮಾತು ಕೇಳಿದರು: "ಸೂಜೀನ ಮೊದಲಿಂದ ತೋರಿಸ್ತೀರಾ?"

ಸಿಸ್ಟರ್ ತಂದರು. ಅಂಟು ಬಿಡದ ಕಾಗದದ ಪೊಟ್ಟಣ. ಕಿವಿಯಕ್ಕ ಅದನ್ನು ಇಸಿದುಕೊಂಡು, ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದರು. ಇಡೀ ವಾರ್ಡು ಗೊಳ್ಳೆಂದು ನಕ್ಕಿತು. ಬೀಗಿತ್ತಿಯೂ ನಕ್ಕರು. ಕಿವಿಯಕ್ಕ ನಗಲಿಲ್ಲ. "ಹೊಸದು ಮೂಕ ಕಣ್ರೀ," ಎಂದರು, ಏನನ್ನೋ ಕಂಡುಹಿಡಿದವರಂತೆ.

ಪೊಟ್ಟಣ ಹರಿಯಿತು. ಒಂದು ಸಲ ಒತ್ತಿದ ಮೇಲೆ ಈ ಸಿರಿಂಜು ಅಲ್ಲೇ ಕಚ್ಚಿಕೊಳ್ಳುತ್ತದೆ, ಮತ್ತೆ ಎಳೆಯಲು ಬರುವುದಿಲ್ಲ ಎಂದು ಸಿಸ್ಟರ್ ವಿವರಿಸಿದರು. ಬೀಗ ರಿಪೇರಿಯ ಮಗ ಸೂಜಿಯ ತುದಿಯತ್ತ ನೋಡದೆ ಹಿಂಭಾಗವನ್ನಷ್ಟೇ ನೋಡಿ ತಲೆದೂಗಿದ. "ಕೀಲಿ ಇಲ್ಲದ ಬೀಗ ಅಮ್ಮ ಇದು. ನನ್ನ ಕೈಲೂ ತೆಗೆಯೋಕಾಗಲ್ಲ."

ಅಂಗೈಯ ಸೀಳುಗಳಿಗೆ ಸಿಸ್ಟರ್ ಪಟ್ಟಿ ಅಂಟಿಸಿದರು. ಕಿವಿಯಕ್ಕ ಮಂಚದ ತುದಿಯಲ್ಲಿ ಕೂತು ತೋಳು ಚಾಚಿದರು. ಚೀಲಗಳನ್ನು ಮೈಯಿಂದ ದೂರ ಹಿಡಿದೇ ಅಭ್ಯಾಸವಾದ ತೋಳುಗಳು. ಮಗುವನ್ನೂ ಮೊದಲು ಹಾಗೇ ದೂರ ಹಿಡಿದವು. "ಬೀಗರೇ, ಅದು ಕಸ ಅಲ್ಲ, ಹತ್ತಿರ ತಗೊಳ್ಳಿ," ಎಂದು ಗದರಿದವರು ಅದೇ ಬೀಗಿತ್ತಿ.

ಸೂಜಿ ಒಳಗೆ ಹೋಗಿ ಬಂತು. ಮಗು ಸೂರು ಹಾರುವಂತೆ ಕಿರುಚಿತು. "ನಮ್ಮ ವಂಶದಲ್ಲಿ ಹುಟ್ಟಿದ ದಿನಾನೇ ಇಷ್ಟು ಜೋರಾಗಿ ಜಗಳ ತೆಗೆದೋಳು ಇವಳೊಬ್ಬಳೇ," ಎನ್ನುವಾಗ ಅಜ್ಜಿಯ ಮುಖ ಈಗಲೂ ಅರಳುತ್ತದೆ. "ಇಷ್ಟು ವರ್ಷ ಸೂಜಿಗಳ ಹೆಣ ಎತ್ತಿದ್ದೆ. ಸೂಜಿ ಹುಟ್ಟೋದು ನೋಡಿದ್ದು ಅವತ್ತೇ. ಅದು ಕೆಲಸ ಮಾಡಿದ್ದೂ ನೋಡಿದೆ, ಸೂಜಿಗಂತಲೇ ಇಟ್ಟ ಗಟ್ಟಿ ಡಬ್ಬಕ್ಕೆ ಬಿದ್ದಿದ್ದೂ ನೋಡಿದೆ. ಸಂಜೆ ಆ ಡಬ್ಬ ನಾನೇ ತಗೊಂಡು ಹೋದೆ. ಯಾರಿಗೂ ಬಿಡ್ಲಿಲ್ಲ."

ಅವತ್ತಿನಿಂದ ಲೋಟ ಮತ್ತೆ ಒಂದೇ ಸಾಲಿಗೆ ಬಂದಿದೆ. ಹಾಸಿಗೆ ಬಾಗಿಲು ಬಿಟ್ಟು ತೊಟ್ಟಿಲ ಪಕ್ಕಕ್ಕೆ ಸರಿದಿದೆ. ಬೀಗಿತ್ತಿ ಕ್ಷಮೆ ಗಿಮೆ ಎಂದೇನೂ ಕೇಳಲಿಲ್ಲ. ಆದರೆ ಎರಡು ಪದರದ ದಪ್ಪ ಬಟ್ಟೆಯಲ್ಲಿ ಮೊಣಕೈವರೆಗಿನ ಕೈಗವಸು ಹೊಲಿದುಕೊಟ್ಟಿದ್ದಾರೆ. "ಸೂಜಿ ತಡೆಯುತ್ತೋ ಇಲ್ವೋ ಗೊತ್ತಿಲ್ಲ. ಬೀಗಿತ್ತಿ ಬಾಯಷ್ಟು ದಪ್ಪ ಅಂತೂ ಇದೆ," ಎನ್ನುತ್ತಾರೆ ಕಿವಿಯಕ್ಕ. ಆಸ್ಪತ್ರೆ ಕೊಟ್ಟ ರಬ್ಬರಿನದನ್ನು ಅದರ ಮೇಲೆ ಏರಿಸಿಕೊಳ್ಳುತ್ತಾರೆ.

ಆದರೆ ಸಿಸ್ಟರ್ ಹೇಳಿದ 'ಎಲ್ಲಾ ಮಕ್ಕಳಿಗೂ' ಎಂಬ ಮಾತು ಅವರ ತಲೆಯಲ್ಲಿ ಹುಳುವಿನಂತೆ ಕೊರೆಯತೊಡಗಿತ್ತು. ಕೆಲವು ವಾರಗಳ ಬಳಿಕ ಜೊತೆಯ ಕೆಲಸದವರನ್ನೆಲ್ಲ ಕರೆದುಕೊಂಡು ಮೇಲಿನ ಮಹಡಿಗೆ ಹತ್ತಿದರು. ಮುಖ್ಯಸ್ಥರ ಬಾಗಿಲಲ್ಲಿ ನಿಂತು ಕೇಳಿದರು: "ಕೂಸಿಗೆ ಮೊದಲ ದಿನಾನೇ ಹಾಕ್ತೀರಿ. ಒಳ್ಳೇದು. ನಮಗೆ ಯಾವ ದಿನ ಸರ್?"

ನೀವು ನಮ್ಮ ನೌಕರರಲ್ಲ, ಕಂಟ್ರಾಕ್ಟರನ್ನು ಕೇಳಿ ಎಂದರು ಮುಖ್ಯಸ್ಥರು. ಕಂಟ್ರಾಕ್ಟರು, ಆಸ್ಪತ್ರೆಯನ್ನು ಕೇಳಿ ಎಂದರು. ಹೀಗೆ ಚೆಂಡಿನಂತೆ ಒದೆಸಿಕೊಂಡು ಓಡಾಡಿದ ಮೇಲೆ, ಒಂದು ಬೆಳಿಗ್ಗೆ ಯಾರೂ ಒಂದು ಚೀಲವನ್ನೂ ಎತ್ತಲಿಲ್ಲ. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಹಿಂಬಾಗಿಲಲ್ಲಿ ಸಾಲಾಗಿ ಕೂತು ಹರಟೆ ಹೊಡೆದರು. ಮಧ್ಯಾಹ್ನದ ಹೊತ್ತಿಗೆ ವಾಸನೆ ಮೆಟ್ಟಿಲು ಹತ್ತಿ ಮೇಲಿನ ಮಹಡಿ ಮುಟ್ಟಿತು. ಸಂಜೆಗೆ ಲಸಿಕೆ ಮೆಟ್ಟಿಲು ಇಳಿದು ಬಂತು.

ಕಿವಿಯಕ್ಕನಿಗೆ ಅದರಿಂದ ಪ್ರಯೋಜನವಿರಲಿಲ್ಲ. ರೋಗ ಬಂದ ಮೇಲೆ ಲಸಿಕೆ ಏನೂ ಮಾಡದು. "ಆದ್ರೂ ಸಾಲಿನ ಕೊನೇಲಿ ನಿಂತಿದ್ದೆ, ಎಲ್ರದ್ದೂ ಆಗೋವರೆಗೂ. ಒಬ್ಬೊಬ್ಬರು ತೋಳು ಉಜ್ಕೊಂಡು ಬರ್ತಿದ್ರೆ ನಂಗೆ ನನ್ನ ಮಕ್ಕಳೇ ಸ್ಕೂಲಿಂದ ಬಹುಮಾನ ತಗೊಂಡು ಬಂದಂಗಾಯ್ತು." ಈಗ ಹೊಸದಾಗಿ ಸೇರಿದವರ ಕೈಗೆ ಪೊರಕೆ ಹೋಗುವ ಮೊದಲು ತೋಳಿಗೆ ಲಸಿಕೆ ಹೋಗುತ್ತದೆ. ಇದು ಯಾರ ಔದಾರ್ಯವೂ ಅಲ್ಲ. ಇವರು ಕೂತಲ್ಲಿಂದ ಏಳದೆ ಗಳಿಸಿದ್ದು.

ಮುಂದೆ ಏನು ಆಸೆ ಎಂದರೆ ಹೆಚ್ಚೇನೂ ಹೇಳುವುದಿಲ್ಲ. "ಮೊಮ್ಮಗಳಿಗೆ ಮುಂದಿನ ಚುಚ್ಚುಮದ್ದುಗಳೂ ಮುಗೀಲಿ. ಅವಳು ದೊಡ್ಡೋಳಾದ ಮೇಲೆ ನನ್ನ ಹಂಗೆ ಚೀಲಕ್ಕೆ ಕಿವಿ ಕೊಡೋದು ಬೇಡ. ಯಾರೂ ಕೊಡೋದು ಬೇಡ. ಎಸೆಯೋರೇ ನೋಡಿ ಎಸೆದ್ರೆ ನಂಗ್ಯಾಕೆ ಈ ಕಿವಿ?"

ಹೊರಗೆ ಬೆಳಕು ಹರಿದಿದೆ. ಸಾಲಿನಲ್ಲಿ ಒಂದೇ ಚೀಲ ಉಳಿದಿದೆ. ಕಿವಿಯಕ್ಕ ಹಿಡಿಯಿಂದ ತಟ್ಟುತ್ತಾರೆ. ಒಳಗೆ ಸಣ್ಣಗೆ, ಗಾಜಿಗೆ ಏನೋ ತಾಗಿದ ಸದ್ದು. ಇನ್ನೊಮ್ಮೆ ತಟ್ಟುತ್ತಾರೆ. ಅದೇ ಸದ್ದು.

ಅಷ್ಟರಲ್ಲಿ ಕಂಟ್ರಾಕ್ಟರಿನ ಸೂಪರ್‌ವೈಸರ್ ಬಿರಬಿರನೆ ಬರುತ್ತಾನೆ. ಇವತ್ತು ಆಸ್ಪತ್ರೆ ನೋಡಲು ದೊಡ್ಡವರು ಬರುತ್ತಿದ್ದಾರೆ, ಹಿಂಬಾಗಿಲು ಚೊಕ್ಕಟವಾಗಿರಬೇಕು.

"ಅದೊಂದು ಯಾಕೆ ಬಿಟ್ಟೆ? ಎತ್ತು."

"ಒಳಗೆ ಸೂಜಿ ಇದೆ ಸರ್."

"ಒಂದು ದಿನ ನಿಧಾನಕ್ಕೆ ಎತ್ತಿಬಿಡು. ನಿಂಗೆ ಹೇಗೂ ರೋಗ ಇದೆಯಲ್ಲ, ಇನ್ನೇನಾಗುತ್ತೆ?"

ತಳ್ಳುಗಾಡಿ ಹಿಡಿದು ನಿಂತಿದ್ದ ಜೊತೆಯ ಹೆಂಗಸರು ಇತ್ತ ತಿರುಗುತ್ತಾರೆ. ಕಿವಿಯಕ್ಕ ಬಕೆಟ್ಟೊಂದನ್ನು ಬೋರಲು ಹಾಕಿ, ಚೀಲದ ಪಕ್ಕದಲ್ಲೇ ಕೂರುತ್ತಾರೆ. ರಬ್ಬರಿನ ಕೈಗವಸು ಕಳಚುತ್ತಾರೆ. ಅದರೊಳಗಿನ ಬಟ್ಟೆಯದನ್ನೂ ಕಳಚಿ, ನೀಟಾಗಿ ಮಡಚಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ.

"ಎಸೆದೋರನ್ನ ಕರೆಸಿ ಸರ್. ನಾನು ಎತ್ತಲ್ಲ."